ಹಲಗಲಿಯ ಬೂದಿ, ಘೋಡಗೇರಿಯ ಕಿವಿ

1857ರ ಡಿಸೆಂಬರ್ 11ರಂದು ಮುಧೋಳದಲ್ಲಿ ಸಂತೆ ನೆರೆದಿತ್ತು. ಸಂತೆಗೆ ಬಂದವರ ಕಣ್ಣೆದುರಿಗೇ ಇಂಗ್ಲಿಷರು 13 ಜನರನ್ನು ಗಲ್ಲಿಗೇರಿಸಿದರು. ಮೂರು ದಿನ ಬಿಟ್ಟು, 14ರಂದು, ಇನ್ನೂ 6 ಜನರನ್ನು ಅವರ ಸ್ವಂತ ಊರು ಹಲಗಲಿಯಲ್ಲೇ ನೇಣಿಗೆ ಹಾಕಿದರು. ನಾಲ್ಕು ಮಂದಿ ನೋಡಿ ಬುದ್ಧಿ ಕಲಿಯಲಿ ಎಂದೇ ಸಂತೆಯ ದಿನ ಆರಿಸಿದ್ದು. ಮಂದಿ ನೋಡಿದರು, ಹೆದರಿಯೂ ಇರಬಹುದು. ಆದರೆ ಸರಕಾರದ ಲೆಕ್ಕಕ್ಕೆ ಸಿಗದ ಒಂದು ಕೆಲಸವನ್ನೂ ಅವರು ಮಾಡಿದರು. ನಡೆದದ್ದನ್ನು ಪದ ಕಟ್ಟಿ ಹಾಡತೊಡಗಿದರು.

ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನದ ಊರು. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ವರ್ಷವೇ ಕಂಪನಿ ಸರಕಾರ ಆಯುಧದ ಕಾಯ್ದೆ ತಂದಿತ್ತು. ಕತ್ತಿ, ಕಠಾರಿ, ಬಂದೂಕು ಏನಿದ್ದರೂ ತಂದು ಒಪ್ಪಿಸಬೇಕು, ಇಟ್ಟುಕೊಳ್ಳಬೇಕೆಂದರೆ ಪರವಾನಗಿ ಪಡೆಯಬೇಕು. ಬೇಟೆ, ತಳವಾರಿಕೆ, ದಂಡಿನ ಚಾಕರಿ ಎಂದು ಹಲಗಲಿಯ ಬೇಡರ ಬದುಕೆಲ್ಲ ನಿಂತದ್ದೇ ಆಯುಧದ ಮೇಲೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳು ಕೊಡುವುದಿಲ್ಲ ಎಂದರು. ಸುತ್ತಲಿನ ಊರುಗಳ ಬೇಡರೂ ಬಂದು ಹಲಗಲಿಯಲ್ಲಿ ಕೂಡಿಕೊಂಡರು. ನವೆಂಬರ್ ಕೊನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಮಾಲ್ಕಮ್‌ನ ಕುದುರೆ ದಂಡು ಊರಿಗೆ ಮುತ್ತಿಗೆ ಹಾಕಿತು. ಅಗಸಿ ದಾಟುವುದು ಸುಲಭವಾಗದೆ ಹೋದಾಗ ಊರಿಗೇ ಬೆಂಕಿ ಇಟ್ಟರು. ಸತ್ತವರು ಸುಮಾರು ನೂರು, ಸೆರೆ ಸಿಕ್ಕವರು 290. ಸರಕಾರಿ ಕಾಗದದಲ್ಲಿ ಹಲಗಲಿಯ ಕಥೆ ಇಷ್ಟೇ.

ಲಾವಣಿಯ ಲೆಕ್ಕ ಬೇರೆ. ಅದು ಹುಕುಮು ಎಲ್ಲಿಂದ ಹೊರಟಿತು, ಯಾರ ಕೈ ದಾಟಿ ಊರಿಗೆ ಬಂತು ಎಂಬಲ್ಲಿಂದ ಶುರುವಾಗುತ್ತದೆ. ಸಾಹೇಬರ ಹೆಸರುಗಳು ಬೆಳಗಾವಿ ಸೀಮೆಯ ನಾಲಿಗೆಯಲ್ಲಿ ಹೊರಳಿ, ಹ್ಯಾವ್ಲಾಕ್ ಎಂಬವನು ಹೆಬಲಕನಾಗಿದ್ದಾನೆ. ಬೇಡರ ಶೌರ್ಯ ಹೇಳುವಲ್ಲಿ ಪದಕಾರ ಸ್ವಲ್ಪ ದನಿ ಏರಿಸುತ್ತಾನೆ, ಅದು ಆ ಪ್ರಕಾರದ ರೂಢಿ. ಆದರೆ ಇಡೀ ಪದದಲ್ಲಿ ನನಗೆ ಹೆಚ್ಚು ದೊಡ್ಡದೆನಿಸುವುದು ಕೊನೆಯ ಲೂಟಿಯ ಭಾಗ. ಊರು ಸುಟ್ಟ ಮೇಲೆ ದಂಡಿನವರು ಏನೇನು ಹೊತ್ತುಕೊಂಡು ಹೋದರು ಎಂದು ಅವನು ಒಂದೊಂದಾಗಿ ಎಣಿಸುತ್ತಾನೆ. ಒಕ್ಕಲುತನದ ಕೊಡಲಿ, ಕುಡ, ಕಬ್ಬಿಣದ ಸಾಮಾನು. ಆಮೇಲೆ ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ. ಬೀಸುವ ಕಲ್ಲನ್ನೂ ಬಿಡಲಿಲ್ಲವಂತೆ. ಅಡುಗೆಮನೆಯ ಗೂಡಿನಿಂದ ಜೀರಿಗೆ ಹೋದದ್ದನ್ನು ಯಾವ ಕರ್ನಲ್‌ನ ವರದಿ ಬರೆದೀತು? ಒಂದು ಊರು ಹೋಯಿತು ಎಂದರೆ ಏನು ಹೋಯಿತು ಎಂಬುದನ್ನು ಹೆಣಗಳ ಎಣಿಕೆಗಿಂತ ಈ ಪಟ್ಟಿ ಚೆನ್ನಾಗಿ ಹೇಳುತ್ತದೆ. ಅದನ್ನು ಕಟ್ಟಿದವನಿಗೆ ಅದು ಗೊತ್ತಿತ್ತು.

ಅವನು ಯಾರು? ಪದದ ಕೊನೆಗೆ ಕವಿಯ ಹೆಸರಿಲ್ಲ. ಕುರ್ತಕೋಟಿಯ ಕಲ್ಮೇಶನ ದಯೆ ಎಂದು ತನ್ನ ದೇವರನ್ನು ನೆನೆದು ಮುಗಿಸುತ್ತಾನೆ. ಕುರ್ತಕೋಟಿ ಇರುವುದು ಗದಗಿನ ಕಡೆ. ಹಲಗಲಿಯ ಸುದ್ದಿ ಮಲಪ್ರಭೆ ದಾಟಿ ಅಲ್ಲಿಯ ಪದಕಾರನ ಬಾಯಿಗೆ ಬಂದು, ಪದವಾಗಿ, ಘಟಪ್ರಭೆಯ ದಂಡೆಗೆ ತಿರುಗಿ ಬಂತು. ಈ ಓಡಾಟಕ್ಕೆ ಟಪಾಲು, ಪತ್ರಿಕೆ ಬೇಕಾಗಲಿಲ್ಲ. ಜಾತ್ರೆ ಇದ್ದವು, ಡಪ್ಪು ಇತ್ತು, ತುಂತುಣಿ ಇತ್ತು. ಈ ಸೀಮೆಯಲ್ಲಿ ಹಾಡಿಕೆ ಎಂದರೆ ಹೆಚ್ಚಾಗಿ ಎರಡು ಮೇಳಗಳ ಜಿದ್ದು. ಹರದೇಶಿಯವರು ಶಿವನ ಪಕ್ಷ, ಗಂಡು ಹೆಚ್ಚು ಎಂದು ವಾದಿಸುವವರು. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎನ್ನುವವರು. ಒಬ್ಬರು ಪದದಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಮುಮ್ಮೇಳದವನು ಒಂದು ಸೊಲ್ಲು ಹೇಳಿ ಬಿಟ್ಟರೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ, ಆ ನಡುವಿನ ಉಸಿರಿನಲ್ಲಿ ಅವನಿಗೆ ಮುಂದಿನ ನುಡಿ ಹೊಳೆಯಬೇಕು. ರಾತ್ರಿ ಒಂಬತ್ತಕ್ಕೆ ಕೂತ ಮಂದಿ ಬೆಳಗಿನ ತನಕ ಏಳುವುದಿಲ್ಲ. ಇಂಥ ಕಟ್ಟೆಗಳ ಮೇಲೆ ಹಲಗಲಿ 1857ರ ನಂತರವೂ ಉಳಿಯಿತು.

ಕಾಗದಕ್ಕೆ ಅದನ್ನು ಇಳಿಸಿದವನು ಮಾತ್ರ ಸರಕಾರದ ಮನುಷ್ಯನೇ. ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಇಲಾಖೆಯ ಸಿವಿಲ್ ಅಧಿಕಾರಿ. ಶಾಸನಗಳ ಬೆನ್ನುಹತ್ತಿ ಕನ್ನಡ ಕಲಿತವನು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸ ಬರೆದ, ಮರುವರ್ಷ ಸರಕಾರದ ಶಾಸನತಜ್ಞನಾದ. ಕದಂಬರ, ಚಾಲುಕ್ಯರ, ರಟ್ಟರ ಕಲ್ಲುಗಳನ್ನು ಓದುತ್ತಿದ್ದ ಈ ಮನುಷ್ಯ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳ ಒಂದು ಮಾಲೆಯನ್ನು ಮೂಲ ಮತ್ತು ಅನುವಾದದೊಂದಿಗೆ ಅಚ್ಚು ಹಾಕಿಸತೊಡಗಿದ. ಮೊದಲು ಬಂದದ್ದು ಸಂಗೊಳ್ಳಿ ರಾಯಣ್ಣನ ದಂಗೆಯ ಪದ. ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅರ್ಧ ಶತಮಾನ ಕಳೆದ ಮೇಲೂ ಪದ ಬಾಯಲ್ಲಿತ್ತು. ಹಲಗಲಿ ಬೇಡರ ಪದ, ಬೈಲಹೊಂಗಲದ ಸಂಗ್ಯಾನ ಕೊಲೆಯ ಪದ ಆಮೇಲೆ ಬಂದವು. ಇನ್‌ಕಮ್ ಟ್ಯಾಕ್ಸ್ ಮೇಲಿನ ಒಂದು ಲಾವಣಿಯೂ ಅದರಲ್ಲಿದೆ. ತೆರಿಗೆಗೆ ಗೊಣಗುವುದು ನಮ್ಮಲ್ಲಿ ಪಗಾರ ಬರುವ ಮಂದಿ ಶುರು ಮಾಡಿದ್ದಲ್ಲ ಎಂದು ತಿಳಿದು ನನಗಂತೂ ಸಮಾಧಾನವಾಯಿತು.

ತನ್ನ ಸರಕಾರವನ್ನೇ ಬೈಯುವ ಹಾಡುಗಳನ್ನು ಫ್ಲೀಟ್ ಯಾಕೆ ಕೂಡಿಹಾಕಿದ? ಅವನು ಪಂಡಿತ, ಸಿಕ್ಕದ್ದನ್ನು ಬಿಡುವ ಜಾತಿಯವನಲ್ಲ. ಆದರೆ ಅದೇ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ ಇದೇ ಕೆಲಸವನ್ನು ಅವನಿಗಿಂತ ಮೊದಲೇ ಮಾಡಿದ ಒಬ್ಬ ಗವರ್ನರ್ ಇದ್ದ, ಅವನು ಕಾರಣವನ್ನು ಬಾಯಿಬಿಟ್ಟು ಹೇಳಿದ್ದಾನೆ. ಸರ್ ಜಾರ್ಜ್ ಗ್ರೇ 1845ರಲ್ಲಿ ನ್ಯೂಜಿಲೆಂಡಿನ ಗವರ್ನರ್ ಆಗಿ ಹೋದಾಗ ಮಾವೊರಿ ಮುಖಂಡರು ಅವನಿಗೆ ಕಾಗದ ಬರೆಯುತ್ತಿದ್ದರು, ಎದುರು ನಿಂತು ಮಾತಾಡುತ್ತಿದ್ದರು. ಮಾತಿನ ನಡುವೆ ಹಳೆಯ ಹಾಡಿನ ತುಣುಕು, ಗಾದೆ, ಪುರಾಣದ ಸೂಚನೆ ಬಂದುಬಿಡುತ್ತಿದ್ದವು. ದುಭಾಷಿಗಳು ಕೈಚೆಲ್ಲುತ್ತಿದ್ದರು. ಹಾಡು ತಿಳಿಯದೆ ಈ ಜನರನ್ನು ಆಳಲಾಗದು ಎಂದು ಗ್ರೇ ಸ್ವತಃ ಹಾಡು ಕೂಡಿಸಲು ಕುಳಿತ. 1853ರಲ್ಲಿ ಮಾವೊರಿ ಹಾಡುಗಳ ದೊಡ್ಡ ಸಂಗ್ರಹ ಹೊರತಂದ. ಅಲ್ಲಿಂದ ಆಫ್ರಿಕದ ಕೇಪ್ ವಸಾಹತಿಗೆ ಗವರ್ನರ್ ಆಗಿ ಹೋದ. 1857ರಲ್ಲಿ ಹಿಂದೂಸ್ಥಾನದಲ್ಲಿ ದಂಗೆ ಎದ್ದ ಸುದ್ದಿ ಮುಟ್ಟಿದ ಕೂಡಲೇ ಕೇಪ್‌ನಿಂದ ಸಿಪಾಯಿಗಳನ್ನೂ ಕುದುರೆಗಳನ್ನೂ ಹಡಗು ಹತ್ತಿಸಿ ಇತ್ತ ಕಳಿಸಿದವನು ಇವನೇ. ಮತ್ತೆ 1861ರಲ್ಲಿ ನ್ಯೂಜಿಲೆಂಡಿಗೆ ಮರಳಿ, 1863ರಲ್ಲಿ ವೈಕಾಟೊ ಸೀಮೆಯ ಮೇಲೆ ದಂಡು ನುಗ್ಗಿಸಿದ. ಅವನು ಹಾಡು ಬರೆದುಕೊಂಡ ಜನರ ಭೂಮಿಯೇ ಮುಂದೆ ಲಕ್ಷಗಟ್ಟಲೆ ಎಕರೆ ಜಪ್ತಿಯಾಯಿತು.

ಗ್ರೇಗೆ ಹೋಲಿಸಿದರೆ ಫ್ಲೀಟ್ ಸಾಧು. ಅವನು ಊರು ಸುಡಲಿಲ್ಲ, ಸುಟ್ಟ ಊರಿನ ಹಾಡು ಬರೆದುಕೊಂಡ. ಅವನ ಉಪಕಾರ ಸಣ್ಣದಲ್ಲ. ಆದರೂ ಲಾವಣಿಗಳನ್ನು ಫ್ಲೀಟ್ ಉಳಿಸಿದ ಎಂದು ಬರೆಯುವವರನ್ನು ಕಂಡರೆ ನನಗೆ ಒಪ್ಪಿಗೆಯಾಗುವುದಿಲ್ಲ. ರಾಯಣ್ಣನ ಪದವನ್ನು ಅವನ ಕೈಗೆ ಮುಟ್ಟುವ ತನಕ ಐವತ್ತು ವರ್ಷ ಉಳಿಸಿದವರು ಯಾರು? ಇಂಗ್ಲಿಷ್ ಪತ್ರಿಕೆಯ ಮುಖವನ್ನೂ ಕಾಣದ ಹಳ್ಳಿಗಳಲ್ಲಿ ಆಮೇಲೂ ಹಾಡುತ್ತ ಬಂದವರು ಯಾರು?

ಮಾವೊರಿಗಳ ‘ಕಾ ಮಾತೆ’ ಹಾಕಾ ಈಗ ಜಗತ್ತಿಗೆಲ್ಲ ಗೊತ್ತು, ರಗ್ಬಿ ಆಟದ ದಯೆಯಿಂದ. ತೊಡೆ ತಟ್ಟಿ, ಕಣ್ಣು ಅರಳಿಸಿ, ನಾಲಿಗೆ ಚಾಚಿ ಆರ್ಭಟಿಸುವ ಆಟಗಾರರನ್ನು ನೋಡಿದವರು ಅದನ್ನು ಯುದ್ಧದ ಕೂಗು ಎಂದುಕೊಳ್ಳುತ್ತಾರೆ. ಅದು ಹುಟ್ಟಿದ್ದು ಒಂದು ಗೆಣಸಿನ ಹಗೇವಿನಲ್ಲಿ. 1820ರ ಸುಮಾರಿಗೆ ಙಾತಿ ತೊವಾ ಕುಲದ ಮುಖಂಡ ತೆ ರೌಪರಹಾ ವೈರಿಗಳಿಂದ ತಪ್ಪಿಸಿಕೊಂಡು ಓಡುತ್ತಿದ್ದ. ಆಶ್ರಯ ಕೊಟ್ಟವರು ಅವನನ್ನು ಗೆಣಸು ತುಂಬುವ ಗುಂಡಿಯಲ್ಲಿ ಇಳಿಸಿ, ಗುಂಡಿಯ ಬಾಯಿಗೆ ಒಬ್ಬ ಹೆಂಗಸನ್ನು ಕೂಡಿಸಿದರು. ಮೇಲೆ ವೈರಿಗಳ ಹೆಜ್ಜೆ, ಕೆಳಗೆ ಕತ್ತಲೆಯಲ್ಲಿ ಸಾಯುತ್ತೇನೋ ಬದುಕುತ್ತೇನೋ ಎಂದು ಉಸಿರು ಹಿಡಿದ ಮನುಷ್ಯ. ಅವರು ಹೋದ ಮೇಲೆ ಬೆಳಕಿಗೆ ಬಂದು ಕುಣಿದದ್ದೇ ಈ ಹಾಕಾ. ಸೋತು ಅಡಗಿ ಬದುಕಿಕೊಂಡವನ ಹಾಡು. 2024ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ಪಾರ್ಲಿಮೆಂಟಿನಲ್ಲಿ ಹಾನಾ ರಾಫಿತಿ ಮೈಪಿ-ಕ್ಲಾರ್ಕ್ ಎಂಬ ಯುವ ಸದಸ್ಯೆ ಮಸೂದೆಯೊಂದರ ಪ್ರತಿ ಹರಿದು ಶುರು ಮಾಡಿದ್ದೂ ಇದನ್ನೇ. ಆ ವಿಡಿಯೋ ನಮ್ಮ ಕಡೆಯ ಮೊಬೈಲುಗಳಲ್ಲೂ ಹರಿದಾಡಿತು.

ಅದನ್ನು ನೋಡಿದ ಗೋಕಾಕ, ಹುಕ್ಕೇರಿ ಸೀಮೆಯವರಿಗೆ ಪುರವಂತರು ನೆನಪಾಗದೆ ಇರಲಾರರು. ವೀರಭದ್ರನ ಜಾತ್ರೆಯಲ್ಲಿ ಕೆಂಪು ಕಾಸೆ, ಕಾಲಿಗೆ ಗೆಜ್ಜೆ, ಎದೆಗೆ ದೇವರ ಹಲಗೆ, ಕೈಯಲ್ಲಿ ಖಡ್ಗ. ಸಮ್ಮಾಳದ ಪೆಟ್ಟು ಏರುತ್ತಿದ್ದಂತೆ ಪುರವಂತ ಒಡಪು ಹೇಳುತ್ತಾನೆ. ದಕ್ಷನ ಯಜ್ಞ, ಸತಿಯ ಸಾವು, ಶಿವನ ಸಿಟ್ಟು. ಒಂದೊಂದು ಒಡಪಿನ ತುದಿಗೂ ನೆಲ ಅದುರುವ ಹಾಗೆ ಹೆಜ್ಜೆ ಇಕ್ಕುತ್ತಾನೆ, ಸುತ್ತಲಿನವರು ರುದ್ರನನ್ನು ಕೂಗುತ್ತಾರೆ. ಹಾಕಾದಲ್ಲಿ ಗುಂಪೆಲ್ಲ ಒಂದೇ ಮೈಯಾಗುತ್ತದೆ, ಇಲ್ಲಿ ಒಬ್ಬನ ಮೈಮೇಲೆ ಗುಂಪಿನ ಕಣ್ಣೆಲ್ಲ ನೆಡುತ್ತದೆ. ಆದರೆ ಎರಡು ಕಡೆಯೂ ಕುಣಿಯುವವನು ಕಥೆ ಹೇಳುತ್ತಿದ್ದಾನೆ, ಅದೂ ತನ್ನವರ ಕಥೆ.

ಈ ಸೀಮೆಗೆ ಸಿಟ್ಟಿನ ಹಾಡಷ್ಟೇ ಬರುತ್ತಿತ್ತು ಎಂದುಕೊಳ್ಳಬಾರದು. ಈಗ ಮೂಡಲಗಿ ತಾಲೂಕಿಗೆ ಸೇರಿದ ಕುಲಗೋಡದ ತಮ್ಮಣ್ಣ, ಹತ್ತೊಂಬತ್ತನೆಯ ಶತಮಾನದಲ್ಲಿ, ಅಪರಾಳ ತಮ್ಮಣ್ಣನ ಕೃಷ್ಣ ಪಾರಿಜಾತವನ್ನು ಹಿಗ್ಗಿಸಿ ಬಯಲ ರಂಗಕ್ಕೆ ತಂದ. ಒಂದು ಹೂವಿಗಾಗಿ ಸವತಿಯರ ಜಗಳ, ನಡುವೆ ಬೆಂಕಿ ಹಚ್ಚುವ ನಾರದ. ಸತ್ಯಭಾಮೆ ಮುನಿಸಿಕೊಂಡರೆ ಅಂಗಳದ ಹೆಂಗಸರೆಲ್ಲ ಅವಳ ಪರ. ಭಾಗವತನೂ ದೂತಿಯೂ ಊರಿನ ಮಾತಿನಲ್ಲೇ ತಮಾಷೆ ಮಾಡುತ್ತಿದ್ದರೆ ದ್ವಾರಕೆ ಗೋಕಾಕದ ಆಚೆ ದಂಡೆಯಲ್ಲೇ ಇದ್ದಂತೆ. ಕೌಜಲಗಿಯ ನಿಂಗಮ್ಮ ಈ ಆಟದ ಹೆಸರಾಂತ ಕಲಾವಿದೆಯಾದಳು. ಫ್ಲೀಟ್ ಅಚ್ಚು ಹಾಕಿಸಿದ ಸಂಗ್ಯಾನ ಕೊಲೆಯ ಪದವೂ ಸುಮ್ಮನೆ ಕೂಡಲಿಲ್ಲ. ಬೈಲಹೊಂಗಲದ ಆ ಪ್ರಕರಣ ಸಣ್ಣಾಟವಾಗಿ ಬೆಳೆದು ‘ಸಂಗ್ಯಾ ಬಾಳ್ಯಾ’ ಎಂಬ ಹೆಸರಿನಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಸುತ್ತಿತು. ಸ್ವಾತಂತ್ರ್ಯ ಚಳವಳಿಯ ಹೊತ್ತಿಗೆ ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿಯಂಥವರು ಗೀಗೀ ಪದದಲ್ಲಿ ಗಾಂಧಿಯನ್ನು, ಖಾದಿಯನ್ನು ತಂದರು. ಹಲಗಲಿಯ ನಂತರ ಸರಕಾರಕ್ಕೆ ಎದುರಾಗಿ ಡಪ್ಪು ಬಾರಿಸುವುದು ಈ ಕಡೆ ಹೊಸದೇನಲ್ಲ.

ಇಂಥ ಸದ್ದುಗಳ ನಡುವೆ 1937ರ ಜನವರಿ 2ರಂದು ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ಕಂಬಾರರ ಮನೆ, ಬಡತನ. ಗೋಕಾಕದ ಮುನಿಸಿಪಲ್ ಹೈಸ್ಕೂಲಿಗೆ ಸೇರಿದರೂ ಓದು ನಿಂತುಹೋಗುವ ಹೊತ್ತು ಬಂತು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಖರ್ಚು ಹೊತ್ತು ಓದಿಸಿದರು. ಶಾಲೆಯಲ್ಲಿ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಮಾಸ್ತರರಾಗಿದ್ದರು. ಹಗಲು ಪುಸ್ತಕದ ಕನ್ನಡ, ರಾತ್ರಿ ಬಯಲಾಟದ ಕನ್ನಡ. ಎರಡನ್ನೂ ಒಂದೇ ಕಿವಿಯಲ್ಲಿ ತುಂಬಿಕೊಂಡ ಹುಡುಗ ಚಂದ್ರಶೇಖರ ಕಂಬಾರರಾದರು.

ನವ್ಯದ ಕವಿಗಳು ನಗರದ ಒಂಟಿ ಮನುಷ್ಯನ ಬಗ್ಗೆ ಬರೆಯುತ್ತಿದ್ದ 60ರ ದಶಕದಲ್ಲಿ ಕಂಬಾರರು ‘ಹೇಳತೇನ ಕೇಳ’ ಎಂಬ ದೀರ್ಘ ಪದ್ಯದೊಂದಿಗೆ ಬಂದರು. ಅದರ ನಡೆ ಲಾವಣಿಯದು, ಮಾತು ಘಟಪ್ರಭೆಯ ದಂಡೆಯದು. ಇದೇನು ಹಳ್ಳಿಯ ಮಾತು ಎಂದು ಮೂಗು ಮುರಿದವರೂ ಇದ್ದರು, ಕಿವಿ ಕೊಟ್ಟವರು ಅದನ್ನು ಬಿಡಲಿಲ್ಲ. ಮುಂದೆ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಪಿಎಚ್‌.ಡಿ.ಗೆ ಆರಿಸಿಕೊಂಡು, ಆಟ ಕೇಳಿ ಬೆಳೆದದ್ದನ್ನು ಅಧ್ಯಯನವಾಗಿಯೂ ಬರೆದರು. ಸಂಗ್ಯಾ ಬಾಳ್ಯಾನನ್ನು ಸಂಪಾದಿಸಿದರು, ಅವರನ್ನು ತಮ್ಮ ನಾಟಕಕ್ಕೂ ತಂದರು. ಬೈಲಹೊಂಗಲದ ಕೊಲೆಯಿಂದ ಪದಕ್ಕೆ, ಪದದಿಂದ ಫ್ಲೀಟ್‌ನ ಪತ್ರಿಕೆಗೂ ಸಣ್ಣಾಟಕ್ಕೂ, ಅಲ್ಲಿಂದ ಆಧುನಿಕ ನಾಟಕಕ್ಕೆ ಬಂದ ಈ ದಾರಿಯಲ್ಲಿ ನಡುವೆ ಯಾರೂ ಕೊಂಡಿ ಕಳಚಲಿಲ್ಲ.

1972 ಈ ಕಥೆಯ ದೊಡ್ಡ ವರ್ಷ. ಆ ವರ್ಷ ಬೆಂಗಳೂರಿನಲ್ಲಿ ಬಿ.ವಿ. ಕಾರಂತರು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ರಂಗಕ್ಕೆ ತಂದರು, ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ. ಗಿರೀಶ ಕಾರ್ನಾಡ, ಗಿರಿಜಾ ಲೋಕೇಶ್ ಪಾತ್ರ ಮಾಡಿದರು, ಕಂಬಾರರೂ ಬಣ್ಣ ಹಚ್ಚಿದರು. ಜೋಕುಮಾರನನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಭಾದ್ರಪದದಲ್ಲಿ, ಗಣಪ್ಪ ಹೋದ ಬೆನ್ನಿಗೇ ಬರುವ ಮಣ್ಣಿನ ದೇವರು. ಬಾಯಿಗೆ ಬೆಣ್ಣೆ, ಸುತ್ತಲೂ ಬೇವಿನ ಸೊಪ್ಪು. ಅವನನ್ನು ಬುಟ್ಟಿಯಲ್ಲಿಟ್ಟು ಹೊತ್ತ ಅಂಬಿಗರ ಹೆಂಗಸರು ಹಾಡುತ್ತ ಮನೆಮನೆಗೆ ಬಂದರೆ ಮೊರದಲ್ಲಿ ಜೋಳ ನೀಡಬೇಕು. ಹುಣ್ಣಿಮೆಗೆ ಅವನ ಆಯುಷ್ಯ ಮುಗಿಯುತ್ತದೆ. ಮಳೆ, ಬೆಳೆ, ಬಸಿರಿನ ದೇವರು ಅವನು. ಕಂಬಾರರು ಆ ಆಚರಣೆಯ ಒಳಗೆ ಭೂಮಿಯ ಪ್ರಶ್ನೆ ತಂದಿಟ್ಟರು. ಮಕ್ಕಳಿಲ್ಲದ ಗೌಡತಿ ಗಂಡನಿಗೆಂದು ಮಾಡಿದ ಪಡವಲಕಾಯಿಯ ಅಡುಗೆ ರೈತ ಬಸಣ್ಣನ ಹೊಟ್ಟೆ ಸೇರುತ್ತದೆ. ಆಮೇಲೆ ಹೊಲ ಯಾರದು, ಉತ್ತವನದೋ ಕಾಗದ ಇಟ್ಟುಕೊಂಡವನದೋ ಎಂಬ ಜಗಳ. ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಲು ಇನ್ನೆರಡು ವರ್ಷ ಬಾಕಿ ಇತ್ತು.

ಅದೇ 1972ರಲ್ಲಿ ನ್ಯೂಜಿಲೆಂಡಿನ ರೊಟೊರುವಾದಲ್ಲಿ ಹಾಕಾ ಮೇಳಗಳ ರಾಷ್ಟ್ರೀಯ ಸ್ಪರ್ಧೆ ಮೊದಲ ಬಾರಿ ನಡೆಯಿತು. ಈಗ ಅದಕ್ಕೆ ತೆ ಮತತಿನಿ ಎಂದು ಹೆಸರು. ಸೆಪ್ಟೆಂಬರಿನಲ್ಲಿ ಶಾಲೆಗಳಲ್ಲಿ ಮಾವೊರಿ ಭಾಷೆ ಕಲಿಸಬೇಕೆಂಬ ದೊಡ್ಡ ಮನವಿಯೂ ಅಲ್ಲಿಯ ಪಾರ್ಲಿಮೆಂಟಿಗೆ ಹೋಯಿತು. ಈ ಎಚ್ಚರದ ಹಿಂದೆ ಅಪಿರಾನ ಙಾತಾ ಎಂಬ ಮಾವೊರಿ ವಕೀಲ, ರಾಜಕಾರಣಿಯ ಕೆಲಸವಿತ್ತು. ಗ್ರೇ ಕೂಡಿಸಿದ ಹಾಡುಗಳ ಹಿಂದುಮುಂದು ಗೊತ್ತಾಗುತ್ತಿರಲಿಲ್ಲ. ಙಾತಾ ಯಾವ ಹಾಡು ಯಾವ ಕುಲದ್ದು, ಯಾರ ಸಾವಿಗೆ ಯಾರು ಕಟ್ಟಿದ್ದು ಎಂದು ಬರೆದಿಟ್ಟು 1928ರಲ್ಲಿ ತನ್ನ ಸಂಗ್ರಹದ ಮೊದಲ ಭಾಗ ಹೊರತಂದ. ಆಳುವವನು ಕೂಡಿಸಿದ್ದಕ್ಕೂ ಮನೆಯವನು ಕೂಡಿಸಿದ್ದಕ್ಕೂ ಇದೇ ಅಂತರ. ನಮ್ಮಲ್ಲಿ ಡಾ. ಬಿ.ಎಸ್. ಗದ್ದಗಿಮಠರು ಹಳ್ಳಿ ತಿರುಗಿ ಪದ ಸಂಗ್ರಹಿಸಿದ್ದೂ, ಕಂಬಾರರು ಬಯಲಾಟಗಳ ಬೆನ್ನು ಹತ್ತಿದ್ದೂ ಙಾತಾನ ಕೆಲಸದ ಸಾಲಿನಲ್ಲೇ ನಿಲ್ಲುತ್ತವೆ.

ಹಾಡಿನ ಒಡೆತನದ ಬಗ್ಗೆ ಮಾವೊರಿಗಳು ನಮಗಿಂತ ಜಾಗರೂಕರು. ‘ಕಾ ಮಾತೆ’ಯನ್ನು ಜಾಹೀರಾತುಗಳಲ್ಲೂ ಅಂಗಿಗಳ ಮೇಲೂ ಕಂಡಕಂಡವರು ಬಳಸಿದ್ದು ನೋಡಿ ಙಾತಿ ತೊವಾದವರು ವರ್ಷಗಟ್ಟಲೆ ಹೋರಾಡಿದರು. 2014ರಲ್ಲಿ ಅದಕ್ಕೆಂದೇ ಒಂದು ಕಾನೂನು ಬಂತು. ಆ ಹಾಕಾವನ್ನು ವ್ಯಾಪಾರಕ್ಕೆ ಪ್ರಕಟಿಸುವವರು, ಚಲನಚಿತ್ರದಲ್ಲಿ ತೋರಿಸುವವರು ಅದನ್ನು ಕಟ್ಟಿದವನು ತೆ ರೌಪರಹಾ, ಅವನು ಙಾತಿ ತೊವಾದ ಮುಖಂಡ ಎಂದು ಹೇಳಲೇಬೇಕು. ನಮ್ಮ ಪದಕಾರರು ಈ ಕಾನೂನನ್ನು ಪದದ ಒಳಗೇ ಹೊಲಿದಿದ್ದರು. ಕೊನೆಯ ನುಡಿಯಲ್ಲಿ ಊರು, ದೇವರು, ಗುರು, ಸಾಧ್ಯವಾದರೆ ತಮ್ಮ ಹೆಸರು. ಹಾಡುವವನು ಅದನ್ನು ಬಿಟ್ಟರೆ ಪದ ಮುಗಿದಂತೆ ಆಗುವುದಿಲ್ಲ. ಈಗ ಕ್ಯಾಸೆಟ್ಟು, ಸಿನಿಮಾ, ಮೊಬೈಲಿಗೆ ಹಾಡು ಇಳಿಯುವಾಗ ಮೊದಲು ಕತ್ತರಿ ಬೀಳುವುದು ಆ ನುಡಿಗೇ. ಅಷ್ಟು ಉದ್ದ ಯಾರು ಕೇಳುತ್ತಾರೆ ಎನ್ನುತ್ತಾರೆ. ಕುರ್ತಕೋಟಿಯ ಕಲ್ಮೇಶ ಹೀಗೇ ಮರೆಗೆ ಸರಿಯುತ್ತಾನೆ, ಪದದ ಮೇಲೆ ‘ಜನಪದ’ ಎಂಬ ಚೀಟಿ ಬೀಳುತ್ತದೆ.

ಹಲಗಲಿಯ ಲಾವಣಿ ನಮ್ಮ ಹತ್ತನೆಯ ತರಗತಿಯ ಕನ್ನಡ ಪಠ್ಯಕ್ಕೂ ಬಂದಿದೆ. ಹಲಗಲಿ ಗುರುತು ಎಲ್ಲಿದೆ, ಬೇಡರು ಯಾಕೆ ದಂಗೆ ಎದ್ದರು, ನಾಲ್ಕು ಅಂಕ. ಬರೆದ ಮಕ್ಕಳಿಗೆ ಅಂಕ ಬೀಳುತ್ತವೆ, ಬೇಡ ಎನ್ನಲಾರೆ. ನ್ಯೂಜಿಲೆಂಡಿನ ಶಾಲೆಗಳಲ್ಲಿ ಹಾಕಾ ಕಲಿಸುವಾಗ ಮಕ್ಕಳನ್ನು ಮೊದಲು ಎಬ್ಬಿಸಿ ನಿಲ್ಲಿಸುತ್ತಾರೆ, ಕಾಲು ಹೇಗೆ ಊರಬೇಕೆಂದು ತೋರಿಸುತ್ತಾರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಡಪ್ಪು ಹಿಡಿಯಬಲ್ಲವರಿಗೆ ಇನ್ನೂ ಬರ ಬಂದಿಲ್ಲ. ಆ ಪಾಠ ನಡೆಯುವ ವಾರ ಶಾಲೆಗೊಬ್ಬರನ್ನು ಕರೆಸಿ, ಅಡುಗೆಮನೆಯ ಜೀರಿಗೆ ತನಕ ಲೂಟಿಯಾದದ್ದನ್ನು ಹಾಡಿಸಿ, ಕೊನೆಯ ನುಡಿಯನ್ನೂ ಬಿಡದೆ ಕೇಳಬಹುದು. ಕರೆಸುವಾಗ ಬಸ್ಸಿನ ಚಾರ್ಜಿನ ಜೊತೆಗೆ ತಕ್ಕ ಸಂಭಾವನೆಯನ್ನೂ ಕೊಡಬೇಕು. ಶಾಲು ಹೊದಿಸಿ ಕಳಿಸಿದರೆ ಸಾಲದು.